ರೆಡಿಮೇಡ್ ಲೋಟೊ ಕಿಟ್: ಬೀಗ ಸೂಪರ್, ಎಂಸಿಬಿ ಕ್ಲಿಪ್ ಮಾತ್ರ ನೋಡಿ ತಗೊಳಿ

ನಮ್ಮದು ಪೀಣ್ಯದಲ್ಲಿ ಚಿಕ್ಕ ಮಷೀನ್ ಶಾಪ್, ಸಿಎನ್‌ಸಿ, ಹಳೇ ಲೇತು, ಕಂಪ್ರೆಸರ್, ಒಂದು ಡಿಜಿ ಸೆಟ್ (ಡೀಸೆಲ್ ಜನರೇಟರ್), ಇಷ್ಟೇ. ಮೆಂಟೆನೆನ್ಸ್ ನಾನೇ ನೋಡ್ಕೊಳ್ಳೋದು. ಕಸ್ಟಮರ್ ಆಡಿಟ್ ಇದೆ ಅಂತ ಓನರ್ರು ಆನ್‌ಲೈನಲ್ಲಿ ಲಾಕ್‌ಔಟ್-ಟ್ಯಾಗ್‌ಔಟ್ (ಲೋಟೊ) ಕಿಟ್ ತರಿಸಿದ್ರು, ರಿಪೇರಿ ಮಾಡೋವಾಗ ಯಾರೂ ಕರೆಂಟ್ ಆನ್ ಮಾಡದಂಗೆ ಸ್ವಿಚ್ಚಿಗೆ ಬೀಗ ಹಾಕಿ ಟ್ಯಾಗ್ ಕಟ್ಟೋ ಸಾಮಾನು, ಕೆಂಪು ಬ್ಯಾಗಲ್ಲಿ ಬೀಗ, ಹ್ಯಾಸ್ಪ್ (ಒಂದೇ ಕಡೆ ಹಲವು ಬೀಗ ಹಾಕೋ ಕೊಂಡಿ), ಟ್ಯಾಗ್, ಎಂಸಿಬಿಗೆ (ಸಣ್ಣ ಬ್ರೇಕರ್ ಸ್ವಿಚ್ಚಿಗೆ) ಹಾಕೋ ಕ್ಲಿಪ್ಪು ಎಲ್ಲ ಒಟ್ಟಿಗೆ ಬರತ್ತಲ್ಲ ಅದು. ಕೆಲವು ತಿಂಗಳು ಬಳಸಿ ನೋಡಿ ಬರೀತಿದೀನಿ, 5ಕ್ಕೆ 3 ಸ್ಟಾರ್.

ಬೀಗಕ್ಕೆ ಮಾತ್ರ ಪೂರ್ತಿ ಮಾರ್ಕ್ಸ್. ನೈಲಾನ್ ಬಾಡಿ, 6 ಎಂಎಂ ದಪ್ಪದ ಕೊಂಡಿ, 38 ಎಂಎಂ ಉದ್ದ, ಬೀಗ ತೆಗೆದಿದ್ದಾಗ ಕೀ ಹೊರಗೇ ಬರಲ್ಲ, ಹಾಕಿದ್ಮೇಲೇ ಬರೋದು, ಹಾಗಾಗಿ ಬೀಗ ಹಾಕೋದು ಮರೆತು ಕೀ ಜೇಬಿಗೆ ಇಳಿಸೋ ಚಾನ್ಸೇ ಇಲ್ಲ. ಒಂದೊಂದಕ್ಕೂ ಬೇರೆ ಬೇರೆ ಕೀ, ಒಂದರ ಕೀ ಇನ್ನೊಂದಕ್ಕೆ ಆಗಲ್ಲ, ತಗೊಳೋವಾಗ ಇದನ್ನ ಕೇಳಲೇಬೇಕು ಯಾಕಂದ್ರೆ ಎಲ್ಲಕ್ಕೂ ಒಂದೇ ಕೀ ಇರೋ ಸೆಟ್ಟೂ ಮಾರ್ತಾರೆ, ಮಷೀನ್ ಒಳಗೆ ಕೈ ಇಟ್ಟಿರೋನ ಬೀಗ ಬೇರೆ ಯಾರ ಕೀಗೂ ತೆಗಿಯಕ್ಕೆ ಆಗಬಾರದು ರೀ, ಇದೊಂದು ವಿಷಯದಲ್ಲಿ ಅಡ್ಜಸ್ಟ್ ಮಾಡ್ಕೊಳ್ಳೋ ಮಾತೇ ಇಲ್ಲ. ಡಿಬಿ (ಬ್ರೇಕರ್‌ಗಳಿರೋ ಡಿಸ್ಟ್ರಿಬ್ಯೂಷನ್ ಬೋರ್ಡ್) ಒಳಗೆ ಹಾಕೋದಾದ್ರೆ ಕೊಂಡಿನೂ ನೈಲಾನ್ ಇರೋದೇ ತಗೊಳಿ, ಅದರಲ್ಲಿ ಕರೆಂಟ್ ಹರಿಯಲ್ಲ.

ಈಗ ಎಂಸಿಬಿ ಕ್ಲಿಪ್ಪು. ಎಂಸಿಬಿ ಲಿವರ್ ಪಕ್ಕದಲ್ಲಿ ಎರಡೂ ಕಡೆ ಸಣ್ಣ ತೂತು ಇರತ್ತೆ, ಕ್ಲಿಪ್ಪಿನ ಪಿನ್ ಅದರೊಳಗೆ ಕೂರಬೇಕು. ಪಿನ್ ಹೊರಕ್ಕೆ ಚಾಚೋದು ಒಂದು ಟೈಪು, ಅದರಲ್ಲೇ ಸ್ಟ್ಯಾಂಡರ್ಡು, ಅಗಲದ್ದು ಅಂತ ಎರಡು, ಪಿನ್ ಒಳಕ್ಕೆ ಹಿಡಿಯೋದು ಇನ್ನೊಂದು, ಲಿವರ್‌ಗಳನ್ನ ಸೇರಿಸೋ ಪಟ್ಟಿ ಇರೋ ಬ್ರೇಕರ್‌ಗೆ ಟೈ ಬಾರ್ ಅಂತ ಬೇರೆನೇ ಇದೆ. ಕಿಟ್ಟಲ್ಲಿ ಕೊಟ್ಟಿರೋದು ಒಂದೇ ಟೈಪು! ನಮ್ಮ ಡಿಬಿಲಿ ಹಳೇದು ಹೊಸದು ಸೇರಿ ಬೇರೆ ಬೇರೆ ಕಂಪನಿ ಬ್ರೇಕರ್ ಇದೆ, ಕೆಲವಕ್ಕೆ ಗಟ್ಟಿಯಾಗಿ ಕೂತ್ಕೊಳ್ತು, ಇನ್ನು ಕೆಲವಕ್ಕೆ ನೋಡಕ್ಕೆ ಕೂತಂಗೆ ಕಾಣತ್ತೆ ಆದ್ರೆ ಬೆರಳಲ್ಲಿ ಎಳೆದ್ರೆ ಬೀಗದ ಸಮೇತ ಕೈಗೆ ಬರತ್ತೆ. ಬೀಗ ಕಾಣ್ತಿದೆ ಅಂತ ಹೆಲ್ಪರ್ ಹುಡುಗ ಧೈರ್ಯವಾಗಿ ವೈರ್ ಮುಟ್ತಾನೆ, ಬೀಗವೇ ಇಲ್ಲದಿದ್ರೆ ಹೆದರಿಕೊಂಡಾದ್ರೂ ಇರ್ತಿದ್ದ. ಬಾಕ್ಸ್ ಮೇಲೆ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮದ ಹೆಸರು ದೊಡ್ಡದಾಗಿ ಪ್ರಿಂಟ್ ಮಾಡಿದಾರೆ, 1989ರಲ್ಲಿ ಬಂದ ಆ ನಿಯಮದಲ್ಲೇ ಹೇಳಿರೋದು ಬೋಲ್ಟ್ ಕಟರ್ ಥರದ್ದು ಇಲ್ಲದೆ ಅಥವಾ ಸಿಕ್ಕಾಪಟ್ಟೆ ಬಲ ಹಾಕದೆ ಕಿತ್ತು ಬರಬಾರದು ಅಂತ. ಹಾಗಾಗಿ ಕ್ಲಿಪ್ ಹಾಕಿ, ಬೀಗ ಹಾಕಿ, ಜೋರಾಗಿ ಎಳೆದು ನೋಡಿ, ಲಿವರ್ ಆನ್ ಕಡೆಗೆ ತಳ್ಳಿ ನೋಡಿ, ಸ್ವಲ್ಪ ಅಲ್ಲಾಡಿದ್ರೂ ಆ ಬ್ರೇಕರ್‌ಗೆ ಅದು ಬೇಡ.

ಸಿಎನ್‌ಸಿ ಪ್ಯಾನೆಲ್ಲಿನ ಕೆಂಪು ಹಳದಿ ರೋಟರಿ ಹ್ಯಾಂಡಲ್‌ಗೆ ಏನೂ ಕೊಳ್ಳೋದೇ ಬೇಡ, ಆಫ್ ಮಾಡಿದ್ರೆ ಅದರಲ್ಲೇ ಬೀಗ ಹಾಕೋ ತೂತು ಇರತ್ತೆ, ಸಾಮಾನ್ಯವಾಗಿ ಮೂರು ಬೀಗ ಹಿಡಿಯತ್ತೆ. ಎಂಸಿಸಿಬಿಗೆ (ದೊಡ್ಡ ಬ್ರೇಕರ್‌ಗೆ) ಸ್ಕ್ರೂ ತಿರುಗಿಸಿ ಬಿಗಿ ಮಾಡೋ ಕ್ಲ್ಯಾಂಪ್ ಕೊಟ್ಟಿದಾರೆ, ಪರವಾಗಿಲ್ಲ, ಆದ್ರೆ ಬ್ರೇಕರ್ ಕಂಪನಿಯವರದ್ದೇ ಪ್ಯಾಡ್‌ಲಾಕ್ ಅಟ್ಯಾಚ್‌ಮೆಂಟ್ ಸಿಕ್ಕಿದ್ರೆ ಅದೇ ಹಾಕ್ಸಿ. ಎಮರ್ಜೆನ್ಸಿ ಬಟನ್‌ಗೆ ಒಂದು ಕವರ್ ಇದೆ, ಅದನ್ನ ಲಾಕ್‌ಔಟ್ ಅಂತ ಲೆಕ್ಕಕ್ಕೇ ತಗೋಬೇಡಿ, ಆ ಬಟನ್ ಕಟ್ ಮಾಡೋದು ಕಂಟ್ರೋಲ್ ಸರ್ಕ್ಯೂಟ್ ಅಷ್ಟೇ, ಕಾಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಕೊಡೋ ಸ್ವಿಚ್) ತನಕ 415 ವೋಲ್ಟ್ ಹಾಗೇ ನಿಂತಿರತ್ತೆ.

ಹಳೇ ಲೇತಿನ ಬೋರ್ಡಲ್ಲಿ ಇನ್ನೂ ಕಿಟ್‌ಕ್ಯಾಟ್ ಫ್ಯೂಸ್, ಅದಕ್ಕೆ ಈ ಕಿಟ್ಟಲ್ಲಿ ಏನೂ ಇಲ್ಲ. ಕ್ಯಾರಿಯರ್ (ಫ್ಯೂಸ್ ತಂತಿ ಇರೋ, ಕೈಯಲ್ಲಿ ಕೀಳೋ ಭಾಗ) ಕಿತ್ತು ಜೇಬಲ್ಲಿ ಇಟ್ಕೊಳ್ಳೋದು ಎಲ್ಲಾ ಕಡೆ ಇರೋ ಅಭ್ಯಾಸ, ಆದ್ರೆ ಬೇರೆಯವ್ರು ಇನ್ನೊಂದು ಕ್ಯಾರಿಯರ್ ತಂದು ಹಾಕಿದ್ರೆ ಮುಗೀತು. ನಾವು ಕ್ಯಾರಿಯರ್ ಕಿತ್ತು ಬೋರ್ಡಿನ ಬಾಗಿಲಿಗೇ ಬೀಗ ಜಡೀತೀವಿ.

ಹ್ಯಾಸ್ಪ್ ಆರು ತೂತಿಂದು, ಚೆನ್ನಾಗಿದೆ, ಕಂಪ್ರೆಸರ್ ಸರ್ವೀಸ್‌ನವರು ಬಂದ್ರೆ ಅವರದ್ದೂ ಒಂದು ಬೀಗ, ನಮ್ಮದೂ ಒಂದು. ಟ್ಯಾಗ್ ಬರೀ ಇಂಗ್ಲಿಷು, ಕೂಲಂಟ್ ಕೈ ತಾಗಿದ್ರೆ ಬರೆದಿದ್ದೆಲ್ಲ ಅಳಿಸಿ ಹೋಗತ್ತೆ, ಕನ್ನಡ ಹಿಂದಿ ಎರಡರಲ್ಲೂ ಬರೆದು ಲ್ಯಾಮಿನೇಟ್ ಮಾಡ್ಸಿದೀನಿ.

ಯಾವ ಕಿಟ್ಟಲ್ಲೂ ಬರೆದಿರಲ್ಲ ಅಂತ ಹೇಳ್ತೀನಿ, ಮೇನ್ ಪ್ಯಾನೆಲ್ಲಲ್ಲಿ ಕೆಲಸ ಇದ್ರೆ ಬೆಸ್ಕಾಂ ಇನ್‌ಕಮರ್‌ಗೆ (ಬೆಸ್ಕಾಂ ಕರೆಂಟ್ ಒಳಗೆ ಬರೋ ಮೇನ್ ಸ್ವಿಚ್ಚಿಗೆ) ಬೀಗ ಹಾಕಿದ್ರೆ ಸಾಲದು, ಕರೆಂಟ್ ಹೋದಾಗ ಡಿಜಿ ಕಡೆಯಿಂದ ಬರತ್ತೆ, ಅದಕ್ಕೂ ಬೇಕು, ಯುಪಿಎಸ್ ಇದ್ರೆ ಅದಕ್ಕೂ. ಬೀಗ ಹಾಕಿದ್ಮೇಲೂ ಎರಡು ಪ್ರೋಬ್ ಇರೋ ಟೆಸ್ಟರ್ ತಗೊಂಡು ಮೊದ್ಲು ಕರೆಂಟ್ ಇರೋ ಕಡೆ ಚೆಕ್ ಮಾಡಿ, ಆಮೇಲೆ ಕೆಲಸದ ಜಾಗ, ಮತ್ತೆ ಕರೆಂಟ್ ಇರೋ ಕಡೆ, ಟೆಸ್ಟರ್ರೇ ಕೆಟ್ಟಿಲ್ಲ ಅಂತ ಗೊತ್ತಾಗಬೇಕಲ್ಲ. ಮೋಟರ್ ಸ್ಪೀಡ್ ಕಂಟ್ರೋಲ್ ಮಾಡೋ 415 ವೋಲ್ಟಿನ ಡ್ರೈವ್ ಇದ್ರೆ ಆಫ್ ಮಾಡಿದ್ಮೇಲೂ ಒಳಗಿನ ಕೆಪಾಸಿಟರಲ್ಲಿ 550 ವೋಲ್ಟ್‌ಗಿಂತ ಜಾಸ್ತಿ ಡಿಸಿ ಉಳಿದಿರತ್ತೆ, ಎಷ್ಟು ನಿಮಿಷ ಕಾಯಬೇಕು ಅಂತ ಡ್ರೈವ್ ಮೇಲೇ ಬರೆದಿರ್ತಾರೆ, ಅಷ್ಟು ಕಾದು ಅಳೆದೇ ಮುಟ್ಟಿ.

ಒಟ್ಟಲ್ಲಿ ಬ್ಯಾಗ್ ಸಮೇತ ಕಿಟ್ ತಗೊಳೋ ಬದಲು ಡಿಬಿ ಬಾಗಿಲು ತೆಗೆದು ಪ್ರತಿ ಬ್ರೇಕರ್ ಫೋಟೋ ತೆಗೀರಿ, ಸ್ಪೇರ್ ಬ್ರೇಕರ್ ಇದ್ರೆ ಕೈಯಲ್ಲೇ ಹಿಡ್ಕೊಂಡು ಎಲೆಕ್ಟ್ರಿಕಲ್ ಅಂಗಡಿಗಳಿರೋ ಎಸ್‌ಜೆಪಿ ರೋಡ್ ಕಡೆ ಹೋಗಿ, ಕ್ಲಿಪ್ ಅಂಗಡೀಲೇ ಕೂರಿಸಿ ಎಳೆದು ನೋಡಿ ಬಿಡಿಬಿಡಿಯಾಗಿ ತಗೊಳಿ. ನಮಗೆ ಬೇಕಿದ್ದ ಅಗಲದ ಪಿನ್ನಿಂದು, ಟೈ ಬಾರ್‌ದು ಎರಡೂ ಹಾಗೇ ತಂದ್ವಿ, ಈಗ ಡಿಬಿಲಿರೋ ಎಲ್ಲಾ ಬ್ರೇಕರ್‌ಗೂ ಗಟ್ಟಿಯಾಗಿ ಕೂರೋ ಒಂದಾದ್ರೂ ಕ್ಲಿಪ್ ಇದೆ.