ಶನಿವಾರ ರಾತ್ರಿಗೆ ಯಾವುದು: ‘ಬ್ರಿಕ್’? ‘ಡಬಲ್ ಇಂಡೆಮ್ನಿಟಿ’?

ತುಮಕೂರಿನ ಬಿ.ಎಚ್. ರಸ್ತೆ ಕಡೆ ರೂಮ್ ಮಾಡಿಕೊಂಡಿರುವ ಕಾಲೇಜು ಹುಡುಗರು ರಾತ್ರಿ ಒಂದು ಕೊಲೆ ಸಿನಿಮಾ ನೋಡಬೇಕು ಅಂತಿದ್ದರೆ, ನನ್ನ ಓಟು 2005ರ ‘ಬ್ರಿಕ್’ಗೆ. ರಯಾನ್ ಜಾನ್ಸನ್ ನಿರ್ದೇಶನದ ಮೊದಲ ಪೂರ್ಣಾವಧಿ ಚಿತ್ರ. ಖರ್ಚು ಸುಮಾರು 4.5 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಕಾಸು, ಅಲ್ವಾ?

ಹೈಸ್ಕೂಲ್ ಹುಡುಗನೊಬ್ಬ ತನ್ನ ಹಳೇ ಗೆಳತಿಯ ಕೊಲೆಯ ಜಾಡು ಹಿಡಿದು ಹೊರಡುತ್ತಾನೆ. ಮಜಾ ಇರುವುದು ಮಾತಿನಲ್ಲಿ. ಈ ಹುಡುಗರೆಲ್ಲ 1940ರ ದಶಕದ ಸಿನಿಮಾ ಪತ್ತೇದಾರರ ಹಾಗೆ ಚುರುಕಾಗಿ, ಗೂಢವಾಗಿ ಮಾತಾಡುತ್ತಾರೆ. ಪೊಲೀಸ್ ಅಧಿಕಾರಿ ಇರಬೇಕಾದ ಜಾಗದಲ್ಲಿ ವೈಸ್ ಪ್ರಿನ್ಸಿಪಾಲ್! ಕತ್ತಲ ಗಲ್ಲಿಗಳಿಗಿಂತ ಹಗಲು ಬೆಳಕೇ ಜಾಸ್ತಿ. ಸಬ್‌ಟೈಟಲ್ ಹಾಕಿಕೊಳ್ಳಿ, ಇಲ್ಲದಿದ್ದರೆ ಅರ್ಧ ಮಾತು ತಲೆ ಮೇಲೆ ಹೋಗುತ್ತದೆ.

‘ಡಬಲ್ ಇಂಡೆಮ್ನಿಟಿ’ 1944ರದ್ದು, ಬಿಲ್ಲಿ ವೈಲ್ಡರ್ ನಿರ್ದೇಶನ, ಕಪ್ಪು ಬಿಳುಪು. ಕೊಂದಿದ್ದು ತಾನೇ ಅಂತ ವಿಮೆ ಏಜೆಂಟ್ ಶುರುವಿನಲ್ಲೇ ಒಪ್ಪಿಕೊಳ್ಳುತ್ತಾನೆ. ಕೊಲೆಗಾರ ಯಾರು ಅಂತ ಊಹಿಸುವ ಆಟ ಬೇಕಿದ್ದವರಿಗೆ ಸಪ್ಪೆ ಅನಿಸಬಹುದು. ನನಗೆ ಗೋಡೆ ಮೇಲೆ ಬೀಳುವ ಕಿಟಕಿ ಪರದೆಯ ಪಟ್ಟಿ ನೆರಳೇ ಸಾಕು.

ಅಪ್ಪ ಅಮ್ಮನ ಜೊತೆ ನೋಡುವುದಾದರೆ ಹಳೆಯದೇ ಹಾಕಿ. ‘ಬ್ರಿಕ್’ನಲ್ಲಿ ಡ್ರಗ್ಸ್, ಹೊಡೆದಾಟ ಇದೆ. ಎರಡೂ ಎರಡು ಗಂಟೆಯೊಳಗೆ ಮುಗಿಯುತ್ತವೆ.