ಐಇಐ, ಐಇಇಇ, ಎಸಿಎಂ: ದಾವಣಗೆರೆಯಲ್ಲಿದ್ದುಕೊಂಡು ಯಾವುದಕ್ಕೆ ಸೇರಬೇಕು?

ವೃತ್ತಿ ಸಂಘಗಳ ವಿಷಯದಲ್ಲಿ ನಾನು ಕೇಳುವುದು ಒಂದೇ ಪ್ರಶ್ನೆ. ಕೆಲಸ ಬಿಟ್ಟು ಮನೆಯಲ್ಲಿ ಕೂತಾಗ, ಕಲಿತದ್ದು ಹಳೆಯದಾದಾಗ, ಡಿಗ್ರಿ ಇಲ್ಲವೆಂದು ಬಡ್ತಿ ನಿಂತಾಗ ಈ ಸಂಘ ನನಗೇನು ಮಾಡುತ್ತದೆ? ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತಿರುವಾಗ ಎಲ್ಲ ಸಂಘಗಳೂ ಚೆನ್ನಾಗಿಯೇ ಕಾಣುತ್ತವೆ.

ನಾನು ದಾವಣಗೆರೆಯಲ್ಲೇ ಎಲೆಕ್ಟ್ರಾನಿಕ್ಸ್ ಓದಿ, ಎಂ.ಟೆಕ್ ಮುಗಿಸಿ, ಕೆಲವು ವರ್ಷ ಪಾಠ ಮಾಡಿದವಳು. ಮಕ್ಕಳು ಚಿಕ್ಕವರಿದ್ದಾಗ ಕೆಲಸ ಬಿಟ್ಟೆ. ಈಗ ವಿದ್ಯಾನಗರದ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಎಂಬೆಡೆಡ್ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಈ ನಡುವೆ ಮೂರೂ ಸಂಘಗಳಿಗೆ ಸೇರಿ, ಅವುಗಳ ನಿಯಮ, ಸೌಲಭ್ಯಗಳನ್ನು ಬಳಸಿ ನೋಡಿದ್ದೇನೆ.

ಮೊದಲು ಐಇಐ, ಅಂದರೆ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್. 1920ರಲ್ಲಿ ಶುರುವಾದದ್ದು, 1935ರಲ್ಲಿ ರಾಯಲ್ ಚಾರ್ಟರ್, ಅಂದರೆ ಬ್ರಿಟಿಷ್ ಅರಸರ ಮಾನ್ಯತಾಪತ್ರ ಪಡೆದದ್ದು, ಕೇಂದ್ರ ಕಚೇರಿ ಕೋಲ್ಕತ್ತದಲ್ಲಿ. ಇದರಲ್ಲಿ ನನಗೆ ಇಷ್ಟವಾಗುವುದು ಅದರ ಹರವು. 15 ವಿಭಾಗಗಳಿವೆ, ಸಿವಿಲ್, ಮೆಕ್ಯಾನಿಕಲ್, ಕಂಪ್ಯೂಟರ್ ಜೊತೆಗೆ ಟೆಕ್ಸ್‌ಟೈಲ್, ಮೈನಿಂಗ್, ಕೃಷಿ ಎಂಜಿನಿಯರಿಂಗಿಗೂ ಜಾಗವಿದೆ. ಕಾಟನ್ ಮಿಲ್ಲುಗಳಿಂದ ಬೆಳೆದ ನಮ್ಮ ಊರಿಗೆ, ಪಕ್ಕದ ಚಿತ್ರದುರ್ಗದ ಗಣಿಗಳಲ್ಲಿ ದುಡಿಯುವವರಿಗೆ ಇದು ಸಣ್ಣ ಮಾತಲ್ಲ. ತಾಂತ್ರಿಕ ಕೆಲಸ ಅಂದರೆ ಸಾಫ್ಟ್‌ವೇರ್ ಮಾತ್ರ ಅನ್ನುವ ಈ ಕಾಲದಲ್ಲಿ ಮಗ್ಗದ ಮೆಷಿನ್ ಬಲ್ಲವನನ್ನೂ ಎಂಜಿನಿಯರ್ ಎಂದು ಕೂರಿಸಿಕೊಳ್ಳುವ ಸಂಘ ಬೇಕು.

ಐಇಐಯ ನಿಜವಾದ ದೊಡ್ಡ ಕೆಲಸ ಎಎಂಐಇ ಪರೀಕ್ಷೆ, ಅಂದರೆ ಕಾಲೇಜಿಗೆ ಹೋಗದೆ ಓದಿ ಬರೆಯುವ ಎಂಜಿನಿಯರಿಂಗ್ ಪರೀಕ್ಷೆ. ನಮ್ಮ ಬೀದಿಯ ಒಬ್ಬ ಅಣ್ಣ ಡಿಪ್ಲೊಮಾ ಮಾಡಿ ಮಿಲ್ಲಿನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದರು. ಮಿಲ್ ಮುಚ್ಚಿದ ಮೇಲೆ ಹರಿಹರದ ಕಡೆ ಕೆಲಸಕ್ಕೆ ಹೋದರು. ಶಿಫ್ಟ್ ಮುಗಿಸಿ ಬಂದು, ಊಟವಾದ ಮೇಲೆ ಪಡಸಾಲೆಯಲ್ಲಿ ಪುಸ್ತಕ ಹರಡಿಕೊಂಡು ಓದಿ, ಸೆಕ್ಷನ್ ಎ, ಸೆಕ್ಷನ್ ಬಿ ಎಂಬ ಅದರ ಎರಡು ಹಂತಗಳನ್ನೂ ದಾಟಿದರು. ಕಾಲೇಜು ಮೆಟ್ಟಿಲು ಹತ್ತದೆ ಅವರಿಗೆ ಬಿ.ಇ.ಗೆ ಸಮನಾದ ಮಾನ್ಯತೆ ಸಿಕ್ಕಿತು. ಆದರೆ ಕೇಂದ್ರ ಸರ್ಕಾರ ಆ ಸಮಾನತೆಯನ್ನು 2013ರ ಮೇ 31ರೊಳಗೆ ಹೆಸರು ನೋಂದಾಯಿಸಿದವರಿಗಷ್ಟೇ ಉಳಿಸಿತು. ದುಡಿಯುತ್ತಲೇ ಓದುವ ಬಡವರ ಮಕ್ಕಳ ಮಟ್ಟಿಗೆ ಇದು ದೊಡ್ಡ ನಷ್ಟ ಎಂದೇ ನನ್ನ ಭಾವನೆ. ಈಗ ಡಿಪ್ಲೊಮಾ ಮುಗಿಸಿದ ಹುಡುಗರು ನನ್ನ ಹತ್ತಿರ ಕೇಳಲು ಬಂದರೆ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರಿ ಎನ್ನುತ್ತೇನೆ. ಡಿಗ್ರಿ ಇದ್ದು ಸ್ವಂತ ಕೆಲಸ ಮಾಡುವವರಿಗೆ ಐಇಐಯ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರ ಈಗಲೂ ಉಪಯೋಗಕ್ಕೆ ಬರುತ್ತದೆ. ವಿದೇಶದಿಂದ ಸೆಕೆಂಡ್ ಹ್ಯಾಂಡ್ ಮೆಷಿನ್ ತರಿಸುವಾಗ ಕಸ್ಟಮ್ಸ್‌ನವರು ಕೇಳುವುದು ಚಾರ್ಟರ್ಡ್ ಎಂಜಿನಿಯರ್ ಕೊಟ್ಟ ಪತ್ರವನ್ನೇ.

ಇನ್ನು ಐಇಇಇ, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಸಂಘ. ನನ್ನಂಥವಳಿಗೆ ಹೆಚ್ಚು ಒದಗಿ ಬಂದದ್ದು ಇದೇ. 1963ರಲ್ಲಿ ಎರಡು ಅಮೆರಿಕನ್ ಸಂಘಗಳು ಸೇರಿ ಆದದ್ದು. ಶುಲ್ಕ ಡಾಲರಿನಲ್ಲಿ, ಅದೂ ಪ್ರತಿ ವರ್ಷ. ಮನೆಯಲ್ಲಿ ಒಬ್ಬರದೇ ಸಂಬಳ ಇದ್ದಾಗ ಅದು ಭಾರ. ಆದರೆ ಕೆಲಸ ಇಲ್ಲದವರಿಗೆ, ಆದಾಯ ಕಡಿಮೆ ಇರುವವರಿಗೆ ಅರ್ಧ ಶುಲ್ಕ ಎಂಬ ನಿಯಮವಿದೆ. ನವೀಕರಣದ ಪುಟದಲ್ಲಿ ಆ ಆಯ್ಕೆಗೆ ಟಿಕ್ ಮಾಡಿದೆ, ಮೊತ್ತ ಅಲ್ಲೇ ಇಳಿಯಿತು. ಕೆಲಸ ಬಿಟ್ಟ ಹೆಣ್ಣುಮಗಳನ್ನು ಇನ್ನೂ ಎಂಜಿನಿಯರ್ ಎಂದೇ ಲೆಕ್ಕಕ್ಕಿಟ್ಟುಕೊಂಡಿದ್ದಾರೆ ಅನ್ನಿಸಿ ಮನಸ್ಸು ತುಂಬಿ ಬಂತು.

ಆಮೇಲೆ ಸೀನಿಯರ್ ಮೆಂಬರ್ ದರ್ಜೆಗೆ ಅರ್ಜಿ ಹಾಕಿದೆ. ಹತ್ತು ವರ್ಷದ ವೃತ್ತಿ ಅನುಭವ ಬೇಕು. ಓದಿದ್ದೂ ಅದರಲ್ಲಿ ಸೇರುತ್ತದೆ: ಬಿ.ಇ.ಗೆ 3 ವರ್ಷ, ಎಂ.ಟೆಕ್ ಆಗಿದ್ದರೆ 4, ಪಿಎಚ್‌ಡಿ ಇದ್ದರೆ 5. ಹೀಗಾಗಿ ನಡುವೆ ಬಿಡುವು ತೆಗೆದುಕೊಂಡವರೂ ಆ ಗೆರೆ ಮುಟ್ಟಬಹುದು. ಕಷ್ಟವಾದದ್ದು ಮೂವರ ಶಿಫಾರಸು. ಬೆಂಗಳೂರಿನಲ್ಲಿ ಒಂದೇ ಕಟ್ಟಡದಲ್ಲಿ ಮೂವರು ಸೀನಿಯರ್ ಮೆಂಬರ್‌ಗಳು ಸಿಗಬಹುದು. ನಮ್ಮೂರಲ್ಲಿ ಯಾರಿದ್ದಾರೆ ಅಂತ ಹುಡುಕಬೇಕು. ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರು ಒಪ್ಪಿದರು, ಉಳಿದ ಇಬ್ಬರನ್ನು ಐಇಇಇಯ ಸೆಕ್ಷನ್‌ನವರ, ಅಂದರೆ ಪ್ರಾದೇಶಿಕ ಘಟಕದವರ ಮೂಲಕ ಹಿಡಿದೆ. ಕೇಳಿದರೆ ಸೆಕ್ಷನ್‌ನವರು ಸಹಾಯ ಮಾಡುತ್ತಾರೆ, ಸಂಕೋಚ ಬೇಡ. ದರ್ಜೆ ಏರಿದ್ದಕ್ಕೆ ಹೆಚ್ಚಿನ ಶುಲ್ಕವೂ ಇಲ್ಲ. ಕೆಲಸಕ್ಕೆ ಮರಳುವಾಗ ಸಂದರ್ಶನದಲ್ಲಿ ನನ್ನ ಬಿಡುವಿನ ವರ್ಷಗಳಿಗಿಂತ ಆ ದರ್ಜೆಯ ಬಗ್ಗೆಯೇ ಹೆಚ್ಚು ಮಾತಾಯಿತು.

ಎಸಿಎಂ, ಅಂದರೆ ಅಸೋಸಿಯೇಷನ್ ಫಾರ್ ಕಂಪ್ಯೂಟಿಂಗ್ ಮೆಷಿನರಿ ಬಗ್ಗೆ ಉದ್ದ ಹೇಳುವುದಿಲ್ಲ. 1947ರ ಸಂಘ, ಕಂಪ್ಯೂಟರ್ ಕ್ಷೇತ್ರದವರಿಗೆ ಮಾತ್ರ. ಭಾರತದ ಸದಸ್ಯರಿಗೆ ಶುಲ್ಕ ಕಡಿಮೆ. ಅದರ ಟೆಕ್‌ಟಾಕ್‌ ಎಂಬ ಆನ್‌ಲೈನ್ ಉಪನ್ಯಾಸಗಳನ್ನು ಸದಸ್ಯರಲ್ಲದವರೂ ಪುಕ್ಕಟೆ ನೋಡಬಹುದು, ಸಾಫ್ಟ್‌ವೇರ್ ಕಡೆ ಹೊರಳುವಾಗ ನನಗೆ ಅವು ಬಹಳ ನೆರವಾದವು. ಅದರ ಮಹಿಳಾ ವಿಭಾಗವಾದ ಎಸಿಎಂ-ಡಬ್ಲ್ಯು, ಸಂಶೋಧನಾ ಸಮ್ಮೇಳನಗಳಿಗೆ ಹೋಗುವ ವಿದ್ಯಾರ್ಥಿನಿಯರಿಗೆ ಧನಸಹಾಯ ಕೊಡುತ್ತದೆ. ನನಗೆ ಮೆಚ್ಚಾದ ಇನ್ನೊಂದು ನಿಯಮ ಹೆಸರು ಬದಲಾವಣೆಯದ್ದು. ಮದುವೆಯಾದವರು, ವಿಚ್ಛೇದನ ಪಡೆದವರು, ಲಿಂಗ ಪರಿವರ್ತನೆ ಮಾಡಿಕೊಂಡವರು ತಮ್ಮ ಹಳೆಯ ಪ್ರಬಂಧಗಳಲ್ಲೂ ಹೆಸರು ಬದಲಾಯಿಸಿಕೊಳ್ಳಬಹುದು. ನನ್ನ ಗೆಳತಿಯರ ಅರ್ಧ ಪ್ರಕಟಣೆಗಳು ತವರಿನ ಇನಿಷಿಯಲ್‌ನಲ್ಲಿ, ಅರ್ಧ ಗಂಡನ ಮನೆಯ ಹೆಸರಿನಲ್ಲಿ ಹಂಚಿಹೋಗಿವೆ. ಇಂಥ ನಿಯಮದ ಬೆಲೆ ಅವರಿಗೆ ಗೊತ್ತು.

ಮೂರಕ್ಕೂ ಸೇರಿಸಿ ನನ್ನ ತಕರಾರು ಒಂದೇ, ಭಾಷೆ. ಹಳ್ಳಿಯಿಂದ ಬಂದು ಎಂಜಿನಿಯರಿಂಗ್ ಸೇರಿದ ಹುಡುಗಿ ವೇದಿಕೆಯ ಇಂಗ್ಲಿಷಿಗೇ ಹೆದರಿ ಹಿಂದಿನ ಸಾಲಿನಲ್ಲಿ ಕೂರುತ್ತಾಳೆ. ಹೋದ ವರ್ಷ ವಿದ್ಯಾರ್ಥಿ ಘಟಕವೊಂದರಲ್ಲಿ ನಾನು ಮೈಕ್ರೋಕಂಟ್ರೋಲರ್ ಬಗ್ಗೆ ಕನ್ನಡದಲ್ಲೇ ಮಾತಾಡಿದೆ. ಇಂಟರಪ್ಟ್, ರಿಜಿಸ್ಟರ್, ಎಲ್ಲ ಹಾಗೇ ಇಟ್ಟೆ, ವಿವರಣೆ ಮಾತ್ರ ನಮ್ಮ ಮಾತಿನಲ್ಲಿ. ಪ್ರಶ್ನೆಗಳು ಮುಗಿಯಲೇ ಇಲ್ಲ. ಕೊನೆಗೆ ಜಗಳೂರಿನ ಹುಡುಗಿಯೊಬ್ಬಳು, "ಮೇಡಂ, ಇದಕ್ಕೆ ಸೇರಿದ್ರೆ ಕೆಲಸ ಸಿಗುತ್ತಾ?" ಅಂದಳು. "ಕೆಲಸ ಕೊಡಲ್ಲಮ್ಮ, ಕೆಲಸ ಇರೋರ ಪರಿಚಯ ಕೊಡುತ್ತೆ" ಎಂದೆ.

ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ವಿದ್ಯಾರ್ಥಿಯಾಗಿರುವಾಗಲೇ ಐಇಇಇಗೆ ಸೇರಿ, ಶುಲ್ಕ ಆಗಲೇ ಕಡಿಮೆ. ಅದರ ವಿಮೆನ್ ಇನ್ ಎಂಜಿನಿಯರಿಂಗ್ ಗುಂಪು ವಿದ್ಯಾರ್ಥಿ ಸದಸ್ಯರಿಗೆ ಉಚಿತ. ಸಿವಿಲ್, ಟೆಕ್ಸ್‌ಟೈಲ್, ಮೈನಿಂಗ್‌ನವರು ಐಇಐ ನೋಡಿ. ಸಂಶೋಧನೆಗೆ ಹೋಗುವ ಕಂಪ್ಯೂಟರ್ ಸೈನ್ಸ್‌ನವರಿಗೆ ಎಸಿಎಂ. ಕೆಲಸ ಬಿಟ್ಟು ಮನೆಯಲ್ಲಿರುವ ಅಕ್ಕತಂಗಿಯರೇ, ಐಇಇಇ ಶುಲ್ಕ ಕಟ್ಟುವ ಮೊದಲು ರಿಯಾಯಿತಿಯ ಆಯ್ಕೆ ನೋಡಿಕೊಳ್ಳಿ. ಐಇಇಇಗೆ ಹೊಸದಾಗಿ ಸೇರುವವರು ಮಾರ್ಚ್ 1ರಿಂದ ಆಗಸ್ಟ್ 15ರೊಳಗೆ ಸೇರಿದರೆ ಅರ್ಧ ವರ್ಷದ ಶುಲ್ಕ ಮಾತ್ರ.