ಮನೆ ಕಟ್ಟೋದು ಕಲಬುರಗಿಯಲ್ಲೋ, ಬೀದರಿನಲ್ಲೋ?

ನಿವೃತ್ತಿಯ ದುಡ್ಡಲ್ಲಿ ಮನೆ ಕಟ್ಟಬೇಕು, ಯಾವ ಊರು ಅಂತ ಕೇಳಿದಿರಲ್ಲ ಅಕ್ಕಾ, ಮೊದಲು ನೆಲ ನೋಡಿ. ಕಲಬುರಗಿಯದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ಗಟ್ಟಿ ತಳ ಸಿಗುವವರೆಗೂ ಪಾಯ ಇಳಿಸಬೇಕು, ಖರ್ಚು ಅಲ್ಲೇ ಏರುತ್ತದೆ. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ, ಪಾಯಕ್ಕೆ ಗಟ್ಟಿ ತಳ. ಆ ಕಲ್ಲನ್ನೇ ಕಡಿದು ಕೋಟೆಗೆ ಕಂದಕ ಮಾಡಿದ್ದಾರೆ, ಸುರಂಗ ತೋಡಿ ಕರೇಜ್ ಎಂಬ ನೆಲದಡಿಯ ಕಾಲುವೆಯಲ್ಲಿ ನೀರು ಹರಿಸಿದ್ದಾರೆ.

ಬೀದರ್ 2,000 ಅಡಿಗೂ ಎತ್ತರದಲ್ಲಿದೆ, ಸಂಜೆಗೆ ಗಾಳಿ ಆಡುತ್ತದೆ. ಕಲಬುರಗಿಯಲ್ಲಿ ಮೇ ತಿಂಗಳ ರಾತ್ರಿಯೂ ಮಾಳಿಗೆ ಕಾಲು ಸುಡುತ್ತದೆ.

ಇತಿಹಾಸ ಎರಡಕ್ಕೂ ಒಂದೇ: 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯದ ರಾಜಧಾನಿ ಮೊದಲು ಕಲಬುರಗಿ, ಆಮೇಲೆ ಬೀದರ್.

2011ರ ಗಣತಿಯಲ್ಲಿ ಕಲಬುರಗಿ 5 ಲಕ್ಷ ದಾಟಿತ್ತು, ಬೀದರ್ 2 ಲಕ್ಷದ ಆಸುಪಾಸು. ದೊಡ್ಡ ಊರಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯಿದೆ, ಹೈಕೋರ್ಟ್ ಪೀಠವಿದೆ. ಭಾವನವರ ಎದೆಯ ತೊಂದರೆಗೆ ಪದೇ ಪದೇ ತೋರಿಸಬೇಕಾದರೆ ಕಲಬುರಗಿಯೇ ಸರಿ. ಮಗನ ಕೆಲಸ ಹೈದರಾಬಾದಿನಲ್ಲೇ ಕಾಯಂ ಅಂದರೆ ಬೀದರ್. ಹೈದರಾಬಾದ್ ಅಲ್ಲಿಂದ ಸುಮಾರು 140 ಕಿಲೋಮೀಟರ್, ಕಲಬುರಗಿಯಿಂದ 220ರಷ್ಟು. ಪಕ್ಕದ ಯಾದಗಿರಿ ಆಗದೇ ಅಂದರೆ, ಅದು ತೀರಾ ಚಿಕ್ಕದು, ಹೊಲ ಆ ಕಡೆ ಇದ್ದವರಿಗೆ ಒಪ್ಪುತ್ತದೆ.

ಕಲಬುರಗಿಯಲ್ಲೇ ಸೈಟು ಹಿಡಿದರೆ, ಮುಂಗಡ ಕೊಡುವ ಮುಂಚೆ ಒಂದು ಗುಂಡಿ ತೋಡಿಸಿ, ಎರೆ ಎಷ್ಟು ಅಡಿ ಇದೆ ಅಂತ ಕಣ್ಣಾರೆ ನೋಡಿ.